ಮಗಳ ಮೊದಲ ನೌಕರಿ

ಅಕ್ಕಲಕೋಟೆಯ ಪೇಟೆಯಲ್ಲಿ ನಮ್ಮದು ಮೂರು ತಲೆಮಾರಿನ ಕಿರಾಣಿ ಅಂಗಡಿ. ಮನೆಯಲ್ಲಿ ಕನ್ನಡ, ಗಲ್ಲೆಯ ಮೇಲೆ ಮರಾಠಿ, ಬಸದಿಯಲ್ಲಿ ಎರಡೂ. ಈ ಲೇಖನವನ್ನು ಕೂತು ಬರೆದವರು ಗಂಡ-ಹೆಂಡತಿ ನಮ್ಮಿಬ್ಬರಲ್ಲಿ ಒಬ್ಬರು, ಹೇಳಿ ತಿದ್ದಿಸಿದವರು ಇನ್ನೊಬ್ಬರು. ಆದ್ದರಿಂದ ‘ನಾವು’ ಎಂದೇ ಬರೆಯುತ್ತೇವೆ. ತಪ್ಪು ಮಾಡಿದ್ದೂ ಇಬ್ಬರೂ ಕೂಡಿಯೇ.

ನಮ್ಮ ಮನೆತನದಲ್ಲಿ ಇದುವರೆಗೆ ಯಾರೂ ಇನ್ನೊಬ್ಬರ ಕೈಕೆಳಗೆ ಸಂಬಳಕ್ಕೆ ದುಡಿದವರಿಲ್ಲ. ಅಂಗಡಿ, ಅಡತಿ, ಒಂದಿಷ್ಟು ಹೊಲ, ಇಷ್ಟರಲ್ಲಿಯೇ ಬದುಕು ಸಾಗಿತ್ತು. ಹೆಣ್ಣುಮಕ್ಕಳು ಬಿ.ಕಾಂ. ಓದಿ, ಮದುವೆಯಾಗಿ, ಇನ್ನೊಂದು ಅಂಗಡಿಯ ಮನೆಗೆ ಹೋಗುವುದು ವಾಡಿಕೆ. ಅಂಥ ಮನೆಯ ಹುಡುಗಿ ಹನ್ನೆರಡನೆಯ ಇಯತ್ತೆ ಮುಗಿಸಿ, ‘ನಾ ನರ್ಸ್ ಆಗ್ತೀನಿ’ ಎಂದಾಗ ನಾವು ಮೊದಲು ನಕ್ಕೆವು. ಅವಳು ನಗಲಿಲ್ಲ. ಆಮೇಲೆ ನಮಗೆ ನೆನಪಾಯಿತು, ಈ ಮಾತಿನ ಬೇರು ಎಲ್ಲಿದೆಯೆಂದು.

2020ರ ಮಳೆಗಾಲದಲ್ಲಿ ನಮ್ಮ ಅಜ್ಜನವರು ಕೊರೋನಾದಿಂದ ಸೋಲಾಪುರದ ಆಸ್ಪತ್ರೆಯೊಂದರಲ್ಲಿ ಹನ್ನೊಂದು ದಿನ ಇದ್ದರು. ಮನೆಯವರಿಗೆ ಒಳಗೆ ಪ್ರವೇಶ ಇರಲಿಲ್ಲ. ಮೂರನೆಯ ದಿನ ಅಲ್ಲಿಂದ ಫೋನ್ ಬಂತು. ಕೇರಳದ ನರ್ಸೊಬ್ಬಳು, ಹಿಂದಿಯಲ್ಲಿ ಕೇಳಿದಳು: ನಿಮ್ಮ ಹಿರಿಯರು ರಾತ್ರಿ ಊಟ ಮುಟ್ಟುತ್ತಿಲ್ಲ, ತಟ್ಟೆ ಹಾಗೆಯೇ ಹಿಂದೆ ಹೋಗುತ್ತಿದೆ, ಏನು ಕಾರಣ? ಅಲ್ಲಿ ಊಟ ಬರುತ್ತಿದ್ದದ್ದು ರಾತ್ರಿ ಎಂಟಕ್ಕೆ. ಅಜ್ಜನವರು ಹೊತ್ತು ಮುಳುಗಿದ ಮೇಲೆ ಬಾಯಿಗೆ ಅನ್ನ ಹಾಕದೆ ಐವತ್ತು ವರ್ಷವಾಗಿತ್ತು. ಮುಖಕ್ಕೆ ಆಮ್ಲಜನಕದ ಮುಖವಾಡ, ಹೇಳುವ ಶಕ್ತಿಯಿಲ್ಲ, ಹೇಳಿದರೂ ತಿಳಿಯುವವರಿಲ್ಲ. ನಾವು ಸಂಗತಿ ತಿಳಿಸಿದೆವು. ಅವಳು ‘ಅಚ್ಛಾ’ ಎಂದಿಷ್ಟೇ ಹೇಳಿ ಫೋನ್ ಇಟ್ಟಳು. ಮರುದಿನದಿಂದ ಸಂಜೆ ಐದೂವರೆಗೆ ತಟ್ಟೆ ಬಂತು. ಅಡುಗೆಯವರೊಡನೆ ಅವಳು ಏನು ಜಗಳ ಮಾಡಿದಳೋ ನಮಗೆ ಗೊತ್ತಿಲ್ಲ. ದಿನಾ ಆರು ಗಂಟೆಗೆ ಅವಳ ಫೋನ್ ಬರುತ್ತಿತ್ತು, ಅಜ್ಜನ ಬಾಯಿಂದ ಕಲಿತ ಎರಡೇ ಕನ್ನಡ ಮಾತು: ‘ಊಟ ಆಯ್ತು.’ ಹನ್ನೊಂದನೆಯ ದಿನ ಆ ಮಾತು ಬರಲಿಲ್ಲ. ಆ ಫೋನನ್ನು ದಿನಾ ಎತ್ತಿಕೊಳ್ಳುತ್ತಿದ್ದವಳು ನಮ್ಮ ಮಗಳು.

ಹಾಗಿದ್ದರೂ ನಾವು ತಕ್ಷಣ ಒಪ್ಪಲಿಲ್ಲ. ಹೇಳಬೇಕಾದದ್ದನ್ನು ಮುಚ್ಚಿಡಬಾರದು. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳನ್ನು ಪ್ರವಚನದಲ್ಲಿ ಕೇಳುತ್ತ ತಲೆದೂಗುವ ನಾವೇ, ಔಷಧವನ್ನು ಕೈಯಿಂದ ಕುಡಿಸುವ ಕೆಲಸ ನಮ್ಮ ಮನೆಯ ಹುಡುಗಿಗೆ ಬಂದಾಗ ಹಿಂದೆ ಸರಿದೆವು. ಆಸ್ಪತ್ರೆಗೆ ಹಣ್ಣು ಹಂಚಲು ಹೋದಾಗ ಫೋಟೋ ತೆಗೆಸಿಕೊಳ್ಳುತ್ತೇವೆ. ಅಲ್ಲಿ ಬೆಡ್‌ಪ್ಯಾನ್ ಹಿಡಿಯುವವರು ಬೇರೆಯವರಾಗಿರಲಿ ಎಂಬುದು ನಮ್ಮ ಮನಸ್ಸಿನ ಒಳಗುಟ್ಟು. ‘ರಕ್ತ ಮುಟ್ಟಬೇಕಾಗ್ತದ’, ‘ರೋಗಿಗೆ ಮೊಟ್ಟಿ ಕೊಡು ಅಂದ್ರ ಏನ್ ಮಾಡ್ತಾಳ?’, ‘ನಾಳೆ ವರ ಹುಡುಕೋದು ಹೆಂಗ?’ ಎಂದು ಸಂಬಂಧಿಕರು ಕೇಳಿದ್ದೆಲ್ಲ ನಮ್ಮದೇ ಪ್ರಶ್ನೆಗಳು. ಮೊಟ್ಟೆಯ ಪ್ರಶ್ನೆಗೆ ಈಗಲೂ ನಮ್ಮ ಬಳಿ ಪೂರ್ತಿ ಉತ್ತರ ಇಲ್ಲ. ಊಟ ಅಡುಗೆಮನೆಯಿಂದ ಬರುತ್ತದೆ, ಆಯಾ ಬಡಿಸುತ್ತಾಳೆ, ರೋಗಿ ಎಷ್ಟು ಉಂಡ ಎಂದು ಬರೆದುಕೊಳ್ಳುವುದು ತನ್ನ ಕೆಲಸ ಎಂದು ಮಗಳು ಹೇಳುತ್ತಾಳೆ. ಕೇಳಿ ಸುಮ್ಮನಾಗುತ್ತೇವೆ.

ಒಪ್ಪಿಸಿದವರು ಆಯಿ, ಅಂದರೆ ನಮ್ಮ ಅತ್ತೆಯವರು, ಅಜ್ಜನವರ ಹೆಂಡತಿ. ಅವರು ಚಿಕ್ಕಂದಿನಲ್ಲಿ ಸೋಲಾಪುರದಲ್ಲಿ ಪಂಡಿತಾ ಸುಮತಿಬಾಯಿ ಶಹಾ ಅವರ ಶ್ರಾವಿಕಾ ಸಂಸ್ಥೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವರು. ‘ನಾ ಸಾಲಿಗಿ ಹೊಂಟಾಗೂ ಓಣಿಯವ್ರು ಹಿಂಗ ಅಂದಿದ್ರು. ಅವ್ರ ಹೆಸರು ಈಗ ಯಾರಿಗೂ ನೆನಪಿಲ್ಲ’ ಎಂದರು. ಅಷ್ಟಕ್ಕೆ ಚರ್ಚೆ ಮುಗಿಯಿತು.

2021ರಲ್ಲಿ ಜಿ.ಎನ್.ಎಂ.ಗೆ ಸೇರಿಸಿದೆವು. ಮೂರು ವರ್ಷದ ಡಿಪ್ಲೊಮಾ. ಅದರ ಕಥೆ ಬರೆಯಹೋದರೆ ಬೇರೆಯೇ ಲೇಖನವಾದೀತು. 2024ರ ಕೊನೆಗೆ ಪಾಸಾದಳು. ಮುಂದಿನ ವರ್ಷದ ಆರಂಭದಲ್ಲಿ ಮುಂಬಯಿಯ ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್‌ನಿಂದ ನೋಂದಣಿ ಬಂತು. ಹೆಸರಿನ ಮುಂದೆ ಆರ್.ಎನ್., ಆರ್.ಎಂ. ಎಂದು ನಾಲ್ಕು ಅಕ್ಷರ: ನೋಂದಾಯಿತ ದಾದಿ, ನೋಂದಾಯಿತ ಸೂಲಗಿತ್ತಿ. ಆ ಕಾಗದವನ್ನು ನಾವು ಬಸದಿಗೆ ಒಯ್ದು ಸ್ವಾಮಿಯ ಮುಂದೆ ಇಟ್ಟು ತಂದೆವು. ಲೈಸೆನ್ಸ್ ಬಂದ ಮೇಲೆ ಅಂಗಡಿ ತೆರೆಯುವುದೊಂದೇ ಬಾಕಿ ಎಂಬುದು ವ್ಯಾಪಾರಿಗಳ ಲೆಕ್ಕ. ನೌಕರಿಯ ಲೆಕ್ಕ ಹಾಗಿಲ್ಲವೆಂದು ಒಂದು ತಿಂಗಳಲ್ಲಿ ತಿಳಿಯಿತು.

ಅವಳು ಅರ್ಜಿ ಕೊಟ್ಟಲ್ಲೆಲ್ಲ ಮೊದಲ ಪ್ರಶ್ನೆ ಒಂದೇ: ಅನುಭವ ಎಷ್ಟು? ಒಂದು ಕಡೆ ಎರಡು ವರ್ಷದ ಐ.ಸಿ.ಯು. ಅನುಭವ ಬೇಕೆಂದರು. ಇನ್ನೊಂದು ಕಡೆ ಒಂದು ವರ್ಷ ಸಾಕು, ಆದರೆ ಬೇಕೇ ಬೇಕು. ಯಾರೂ ಕೆಲಸ ಕೊಡದಿದ್ದರೆ ಅನುಭವ ಎಲ್ಲಿಂದ ಬಂದೀತು ಎಂದು ಕೇಳಿದರೆ ಉತ್ತರವಿಲ್ಲ. ತರಬೇತಿಯಲ್ಲಿ ಮೂರು ವರ್ಷ ವಾರ್ಡುಗಳಲ್ಲಿ ದುಡಿದದ್ದು ಅವರ ಲೆಕ್ಕಕ್ಕೆ ಇಲ್ಲ.

ನಮಗೆ ಇನ್ನೊಂದು ದಾರಿ ತೋಚಿತು. ಅಕ್ಕಲಕೋಟೆಯಿಂದ ಆಳಂದ, ಅಫಜಲಪುರ, ಇಂಡಿ ಎಲ್ಲ ಹತ್ತಿರ. ಕಲಬುರಗಿಯಲ್ಲಿ ನಮ್ಮ ಬೀಗರಿದ್ದಾರೆ. ಭಾಷೆ ನಮ್ಮದೇ. ಅಲ್ಲಿಯೇ ನೋಡಿದರಾಯಿತು ಎಂದುಕೊಂಡೆವು. ಆದರೆ ನರ್ಸ್ ನೋಂದಣಿ ರಾಜ್ಯಕ್ಕೆ ಒಂದು. ಮಹಾರಾಷ್ಟ್ರದ ನೋಂದಣಿ ಹೊಂದಿದವರು ಕರ್ನಾಟಕದಲ್ಲಿ ಕೆಲಸ ಮಾಡಬೇಕಾದರೆ ಇಲ್ಲಿಯ ಕೌನ್ಸಿಲ್‌ನಿಂದ ನಿರಾಕ್ಷೇಪಣಾ ಪತ್ರ ಪಡೆದು ಅಲ್ಲಿಯ ಕೌನ್ಸಿಲ್‌ನಲ್ಲಿ ಮತ್ತೆ ಹೆಸರು ಬರೆಸಬೇಕು. ನಮ್ಮ ಅಕ್ಕಿ, ಬೇಳೆ ಗಡಿ ದಾಟಿ ಹೋಗುತ್ತವೆ, ಹೆಣ್ಣು ಕೊಟ್ಟು ತಂದು ಮಾಡುತ್ತೇವೆ. ಆ ಕಾಗದ ಮಾತ್ರ ಹಳ್ಳದ ಈಚೆಗೇ ನಿಲ್ಲುತ್ತದೆ. ಗಡಿಯ ಮಕ್ಕಳನ್ನು ನರ್ಸಿಂಗ್‌ಗೆ ಕಳಿಸುವ ತಾಯಿ-ತಂದೆಯರು ಯಾವ ರಾಜ್ಯದಲ್ಲಿ ಓದಿಸಬೇಕು ಎಂಬುದನ್ನು ಮೊದಲೇ ವಿಚಾರ ಮಾಡುವುದು ಒಳಿತು. ನಾವು ಮಾಡಿರಲಿಲ್ಲ.

ಹೀಗಿರುವಾಗ ನಮ್ಮಲ್ಲಿ ಅಂಗಡಿ ನೋಡುವವರು ತಮ್ಮ ಜಾಣತನ ತೋರಿಸಿದರು. ಪೇಟೆಯ ಪರಿಚಯಸ್ಥರೊಬ್ಬರ ಮಾತಿನ ಮೇಲೆ ಒಂದು ಸಣ್ಣ ಆಸ್ಪತ್ರೆಯವರ ಬಳಿ ಹೋದೆವು. ಹೆಸರು ಬೇಡ. ‘ನಿಮ್ಮ ಹುಡುಗಿ ಅಂದ್ರ ನಮ್ಮ ಹುಡುಗಿ’ ಎಂದು ಚಹಾ ಕುಡಿಸಿದರು. ಇಪ್ಪತ್ತು ಹಾಸಿಗೆ. ತಿಂಗಳಿಗೆ ಒಂಬತ್ತು ಸಾವಿರ. ಎರಡು ವರ್ಷ ಬಿಟ್ಟುಹೋಗುವುದಿಲ್ಲ ಎಂದು ಸ್ಟ್ಯಾಂಪ್ ಕಾಗದದ ಮೇಲೆ ಬರೆದುಕೊಡಬೇಕು, ನಡುವೆ ಬಿಟ್ಟರೆ ಐವತ್ತು ಸಾವಿರ ಕಟ್ಟಬೇಕು. ಹತ್ತನೆಯದು, ಹನ್ನೆರಡನೆಯದು, ಡಿಪ್ಲೊಮಾ, ಕೌನ್ಸಿಲ್ ನೋಂದಣಿ, ಎಲ್ಲದರ ಅಸಲು ಪ್ರತಿ ಅವರ ಕಪಾಟಿನಲ್ಲಿ ಇರತಕ್ಕದ್ದು. ‘ಎಲ್ಲರೂ ಹಿಂಗ ಮಾಡ್ತಾರ್ರೀ, ಹುಡುಗ್ಯಾರು ಕಲ್ತು ಓಡಿ ಹೋಗ್ತಾವ’ ಎಂದರು.

ನಾವು ಅಲ್ಲಿಯೇ ಹೂಂ ಎಂದುಬಿಟ್ಟೆವು. ಮಗಳನ್ನು ಒಂದು ಮಾತು ಕೇಳಲಿಲ್ಲ. ಪರಿಚಯಸ್ಥರ ಮುಂದೆ ಮುಖ ಉಳಿಯಬೇಕಿತ್ತು, ಮಗಳು ಮನೆಯಲ್ಲಿ ಕುಳಿತದ್ದು ಓಣಿಗೆ ಕಾಣಬಾರದಿತ್ತು. ಮನೆಗೆ ಬಂದು ಪೆಟ್ಟಿಗೆಯಿಂದ ಕಾಗದ ತೆಗೆಯಲು ಹೋದಾಗ ಅವಳು ಪೆಟ್ಟಿಗೆಯ ಮೇಲೆ ಕೈಯಿಟ್ಟಳು.

‘ಅಪ್ಪಾ, ಒತ್ತಿ ಇಡೋರು ಯಾರು?’

‘ಸಾಲ ತಗೊಂಡವ್ರು.’

‘ನಾ ಅವ್ರ ಕಡೆ ಏನ್ ಸಾಲ ತಗೊಂಡೀನಿ?’

ಅಂಗಡಿಯವರಿಗೆ ಉತ್ತರ ಹೊಳೆಯಲಿಲ್ಲ. ನಮ್ಮ ಮುತ್ತಜ್ಜ ಒತ್ತೆ ವ್ಯಾಪಾರವನ್ನೂ ಮಾಡಿದವರು. ಬೆಳ್ಳಿ ಕಡಗ, ತಾಮ್ರದ ಹಂಡೆ ಇಟ್ಟುಕೊಂಡು ಹಣ ಕೊಡುತ್ತಿದ್ದರು. ಹಣ ಕೊಡದೆ ಕಡಗ ಇಟ್ಟುಕೊಂಡ ಕಥೆ ಅವರ ಬಗೆಗೂ ಇಲ್ಲ. ನಮ್ಮ ಅಂಗಡಿಯಲ್ಲಿ ಹನ್ನೆರಡು ವರ್ಷದಿಂದ ಇರುವ ಹುಡುಗನ ಒಂದು ಚೀಟಿಯೂ ನಮ್ಮಲ್ಲಿಲ್ಲ. ಆದರೂ ಅವನು ಓಡಿಹೋಗಿಲ್ಲ. ದುಡಿಯಲು ಬರುವವರ ಅಸಲು ಕಾಗದ ಹಿಡಿದಿಡುವವನಿಗೆ ತನ್ನ ಸಂಬಳದ ಮೇಲೆ ತನಗೇ ನಂಬಿಕೆಯಿಲ್ಲ ಎಂದೇ ಅರ್ಥ. ಇದು ನಮಗೆ ಆ ರಾತ್ರಿ ಹೊಳೆಯಿತು, ಚಹಾ ಕುಡಿಯುವಾಗ ಹೊಳೆಯಲಿಲ್ಲ.

ಮರುದಿನ ಹೋಗಿ ಇಲ್ಲವೆಂದು ಹೇಳಿಬಂದೆವು. ಪರಿಚಯಸ್ಥರು ಎರಡು ತಿಂಗಳು ನಮ್ಮ ಅಂಗಡಿಯ ಮುಂದೆ ಹಾದುಹೋದರೂ ಮಾತಾಡಲಿಲ್ಲ. ‘ಸಿಕ್ಕ ನೌಕರಿ ಒದ್ದಳಂತ’ ಎಂಬ ಸುದ್ದಿ ಬಸದಿಯ ಕಟ್ಟೆಯವರೆಗೂ ಬಂತು. ಮನೆಯಲ್ಲಿ ನಾವಿಬ್ಬರೂ ಒಬ್ಬರ ಮೇಲೊಬ್ಬರು ಸಿಡುಕಿದೆವು. ಮಗಳು ಬೆಳಿಗ್ಗೆ ಆಯಿಯ ರಕ್ತದೊತ್ತಡ ನೋಡಿ, ಅಡುಗೆಗೆ ಕೈಹಚ್ಚಿ, ಮಧ್ಯಾಹ್ನ ಪುಸ್ತಕ ಹಿಡಿದು ಕೂರುತ್ತಿದ್ದಳು. ಆ ಎರಡು ತಿಂಗಳು ಅವಳ ಮುಖ ನೋಡುವುದು ಕಷ್ಟವಾಗಿತ್ತು.

ಆ ದಿನಗಳಲ್ಲಿಯೇ ಅವಳ ಕಾಲೇಜಿನ ಶಿಕ್ಷಕಿಯೊಬ್ಬರು ಫೋನಿನಲ್ಲಿ ಹೇಳಿದ್ದು ನಮ್ಮ ಕಣ್ಣು ತೆರೆಸಿತು. ಮೊದಲ ನೌಕರಿಯಲ್ಲಿ ಸಂಬಳಕ್ಕಿಂತ ಮೊದಲು ಹಾಸಿಗೆ ಎಣಿಸಿರಿ ಎಂದರು. ಏಕೆಂದರೆ ಏಮ್ಸ್ ಆಸ್ಪತ್ರೆಗಳು ನರ್ಸಿಂಗ್ ಆಫೀಸರ್ ಹುದ್ದೆಗೆ ನಡೆಸುವ ನಾರ್ಸೆಟ್ ಪರೀಕ್ಷೆಗೆ ಬಿ.ಎಸ್ಸಿ. ನರ್ಸಿಂಗ್ ಮಾಡಿದವರು ನೇರವಾಗಿ ಕೂರಬಹುದು. ಜಿ.ಎನ್.ಎಂ. ಆದವರಿಗೆ ಮಾತ್ರ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು. ಇಪ್ಪತ್ತು ಹಾಸಿಗೆಯಲ್ಲಿ ಎರಡು ವರ್ಷ ಕಳೆದಿದ್ದರೆ ಅದು ಆ ಲೆಕ್ಕಕ್ಕೆ ಬರುತ್ತಲೇ ಇರಲಿಲ್ಲ. ನೇಮಕದ ಪತ್ರ ಬರವಣಿಗೆಯಲ್ಲಿ ಇರಬೇಕು, ಸಂಬಳ ಬ್ಯಾಂಕಿಗೆ ಬರಬೇಕು, ಪಿ.ಎಫ್. ಕಟ್ಟಬೇಕು, ಬಿಡುವಾಗ ಅನುಭವದ ಪತ್ರ ಕೊಡಬೇಕು. ಬಾಯಿಮಾತಿನ ಉದ್ರಿ ವ್ಯವಹಾರ ಇಲ್ಲಿ ನಡೆಯುವುದಿಲ್ಲ.

ಸಂಬಳದ ವಿಷಯವನ್ನೂ ಅವರೇ ಹೇಳಿದರು. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಖಾಸಗಿ ಆಸ್ಪತ್ರೆಗಳ ನರ್ಸುಗಳ ಸ್ಥಿತಿಗತಿ ನೋಡಲು ಸಮಿತಿ ಮಾಡಬೇಕೆಂದು ಕೇಂದ್ರಕ್ಕೆ ಆದೇಶ ಕೊಟ್ಟಿತ್ತು. ಆ ಸಮಿತಿ 200ಕ್ಕಿಂತ ಹೆಚ್ಚು ಹಾಸಿಗೆ ಇದ್ದಲ್ಲಿ ಸರಕಾರಿ ನರ್ಸಿನ ಸಮ ಸಂಬಳ ಕೊಡಬೇಕು, 100ಕ್ಕಿಂತ ಹೆಚ್ಚಿದ್ದಲ್ಲಿ ಅದಕ್ಕಿಂತ ನೂರಕ್ಕೆ ಹತ್ತರ ಮೇಲೆ ಕಡಿಮೆಯಾಗಬಾರದು, 50ರಿಂದ 100ರ ಒಳಗೆ ನೂರಕ್ಕೆ ಇಪ್ಪತ್ತೈದರ ಮೇಲೆ ಕಡಿಮೆಯಾಗಬಾರದು, 50ಕ್ಕಿಂತ ಕಡಿಮೆ ಇದ್ದಲ್ಲಿಯೂ ಇಪ್ಪತ್ತು ಸಾವಿರಕ್ಕೆ ಇಳಿಯಬಾರದು ಎಂದು ಶಿಫಾರಸು ಮಾಡಿತು. ಶಿಫಾರಸು ಶಿಫಾರಸಾಗಿಯೇ ಇದೆ ಎಂಬುದಕ್ಕೆ ಆ ಒಂಬತ್ತು ಸಾವಿರವೇ ಸಾಕ್ಷಿ. ಆದರೂ ಕೂಲಿಯ ಬೆಲೆ ತಿಳಿಯದೆ ಮಾತಿಗೆ ಕೂತದ್ದು ವ್ಯಾಪಾರಿಗಳಾದ ನಮಗೆ ನಾಚಿಕೆಯ ಸಂಗತಿ. ಬೇಳೆಯ ದರ ಕೇಳದೆ ನಾವು ಒಂದು ಚೀಲ ಇಳಿಸಿಕೊಳ್ಳುವವರಲ್ಲ.

ಜೂನ್ ತಿಂಗಳಲ್ಲಿ ಸೋಲಾಪುರದ ದೊಡ್ಡ ಆಸ್ಪತ್ರೆಯೊಂದರಿಂದ ಸಂದರ್ಶನಕ್ಕೆ ಕರೆ ಬಂತು. ನೂರಕ್ಕೆ ಮೇಲ್ಪಟ್ಟ ಹಾಸಿಗೆ. ಈ ಸಲ ಯಾರ ಚೀಟಿಯನ್ನೂ ಒಯ್ಯಲಿಲ್ಲ. ನಸುಕಿನ ಎಸ್.ಟಿ. ಹಿಡಿದು ಮೂವರೂ ಹೋದೆವು. ಹೊರಡುವಾಗ ಆಯಿ ಅಜ್ಜನವರ ಎಚ್.ಎಂ.ಟಿ. ಗಡಿಯಾರವನ್ನು ತಂದು ಅವಳ ಕೈಗೆ ಕಟ್ಟಿದರು. ‘ಸೆಕೆಂಡಿನ ಮುಳ್ಳು ಐತಿ, ನಾಡಿ ನೋಡಾಕ ಬರ್ತದ’ ಎಂದರು. ಪಟ್ಟಿ ಸಡಿಲವಾಗಿ ಗಡಿಯಾರ ಮೊಳಕೈಯವರೆಗೆ ಜಾರುತ್ತಿತ್ತು.

ನಾವು ಹೊರಗೆ ಬಾಕಿನ ಮೇಲೆ ಕುಳಿತೆವು. ಮೊದಲು ಬರವಣಿಗೆಯ ಪರೀಕ್ಷೆ. ಅದರಲ್ಲಿ ಬಂದ ಒಂದು ಪ್ರಶ್ನೆಯನ್ನು ಅವಳು ಹೊರಗೆ ಬಂದು ಹೇಳಿದಳು: 500 ಮಿಲಿಲೀಟರ್ ಸಲಾಯಿನ್ 4 ತಾಸಿನಲ್ಲಿ ಮುಗಿಯಬೇಕು, ಒಂದು ಮಿಲಿಲೀಟರಿಗೆ 20 ಹನಿ ಬೀಳುವ ನಳಿಕೆ, ಹಾಗಾದರೆ ನಿಮಿಷಕ್ಕೆ ಎಷ್ಟು ಹನಿ ಬಿಡಬೇಕು? ಅಂಗಡಿಯವರು ಕಣ್ಣು ಮುಚ್ಚಿ ತುಟಿ ಅಲುಗಿಸಿದರು. ‘ಹತ್ತು ಸಾವಿರ ಹನಿ. ಎರಡನೂರಾ ನಲವತ್ತು ನಿಮಿಷ. ನಲವತ್ತೊಂದೂ ಮುಕ್ಕಾಲಕ್ಕ ತುಸು ಕಡಿಮಿ.’ ಅವಳು ನಲವತ್ತೆರಡು ಎಂದು ಬರೆದಿದ್ದಳು, ಅರ್ಧ ಹನಿ ಬೀಳುವುದಿಲ್ಲವಲ್ಲ. ಅವಳ ಕೆಲಸದ ಲೆಕ್ಕಕ್ಕೂ ನಮ್ಮ ತಕ್ಕಡಿಯ ಲೆಕ್ಕಕ್ಕೂ ನಂಟು ಇದೆಯೆಂದು ಆಗ ತಿಳಿಯಿತು. ಅಲ್ಲಿ ತೂಕ ತಪ್ಪಿದರೆ ಗಿರಾಕಿ ತಿರುಗಿ ಬಂದು ಜಗಳವಾಡಲು ಇರುವುದಿಲ್ಲ, ಅಷ್ಟೇ.

ಆಮೇಲೆ ಮೇಟ್ರನ್ ಐವರು ಹುಡುಗಿಯರನ್ನು ವಾರ್ಡಿಗೆ ಕರೆದೊಯ್ದರು. ಅಲ್ಲಿ ನಡೆದದ್ದನ್ನು ಮಗಳು ಹೇಳಿದಂತೆ ಬರೆಯುತ್ತೇವೆ. ಮೇಟ್ರನ್ ಕೇರಳದ ಕಡೆಯವರು, ಬಹಳ ವರ್ಷ ಸೋಲಾಪುರದಲ್ಲಿದ್ದು ಮರಾಠಿ, ಹಿಂದಿ ಬಲ್ಲವರು. ಒಂದು ಹಾಸಿಗೆಯಲ್ಲಿ ಇಂಡಿ ಕಡೆಯ ಒಬ್ಬ ಮುದುಕಿ. ವಾಂತಿ-ಭೇದಿಯಾಗಿ ಹಿಂದಿನ ರಾತ್ರಿ ಬಂದವಳು. ಕೈಗೆ ಸಲಾಯಿನ್. ಜೊತೆಗಿದ್ದ ಮೊಮ್ಮಗ ಔಷಧ ತರಲು ಹೋಗಿದ್ದ. ಆ ವಾರ್ಡಿನಲ್ಲಿ ಕನ್ನಡ ಬಲ್ಲ ಆಯಾಗೆ ಅಂದು ರಜೆ. ಮುದುಕಿ ಎದ್ದೆದ್ದು ಕೂರುತ್ತಾಳೆ, ನಳಿಕೆ ಜಗ್ಗುತ್ತಾಳೆ, ‘ಕಾಲ್ಮಡ್ಯಾಕ, ಕಾಲ್ಮಡ್ಯಾಕ’ ಎನ್ನುತ್ತಾಳೆ. ಮಲೆಯಾಳದಲ್ಲೂ ಕಾಲು ಎಂದರೆ ಕಾಲೇ. ಕಾಲು ನೋಯುತ್ತಿದೆಯೆಂದು ತಿಳಿದ ನರ್ಸೊಬ್ಬಳು ಎರಡು ಸಲ ಮುಲಾಮು ತಿಕ್ಕಿದ್ದಳಂತೆ! ಮುದುಕಿ ಇನ್ನಷ್ಟು ಕೂಗಿದ್ದಳು. ಇನ್ನು ಕೈ ಕಟ್ಟಬೇಕಾಗಬಹುದು ಎನ್ನುವ ಮಾತೂ ಬಂದಿತ್ತು.

ಓದುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಗಳು ಮೇಟ್ರನ್ನರ ಅಪ್ಪಣೆ ಕೇಳಿ, ಪರದೆ ಎಳೆದು, ಬೆಡ್‌ಪ್ಯಾನ್ ಇಟ್ಟಳು. ‘ಅಜ್ಜೀ, ಏಳಬ್ಯಾಡ್ರಿ, ಇಲ್ಲೇ ಆಗ್ಲಿ, ನಾ ಅದೀನಿ’ ಎಂದಳು. ಮುದುಕಿ ಕಣ್ಣು ಅಗಲಿಸಿ ನೋಡಿ, ‘ನೀ ಯಾರ ಮಗಳವ್ವಾ?’ ಎಂದು ಕೇಳಿದಳಂತೆ. ಭೇದಿಯ ರೋಗಿಗೆ ಮೂತ್ರ ಎಷ್ಟಾಯಿತು ಎನ್ನುವುದು ಮುಖ್ಯ. ಮೈಯಲ್ಲಿ ನೀರು ನಿಂತಿತೋ ಇಲ್ಲವೋ, ಮೂತ್ರಪಿಂಡ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ವೈದ್ಯರು ಅದರಿಂದಲೇ ಅಳೆಯುತ್ತಾರೆ. ಹಾಸಿಗೆಯ ಕಾಲಿಗೆ ತೂಗುಹಾಕಿದ ಹಾಳೆಯಲ್ಲಿ ಆ ಕಾಲಂ ಬೆಳಗಿನಿಂದ ಖಾಲಿ ಇತ್ತು. ಅವಳು ಅಳತೆಯ ಜಾಡಿಗೆ ಸುರಿದು ನೋಡಿ, 350 ಎಂದು ಬರೆದು, ಅಜ್ಜನ ಗಡಿಯಾರ ನೋಡಿ ಹೊತ್ತು ಹಾಕಿದಳು. ಮುದುಕಿ ಮಲಗಿದಳು. ಸಲಾಯಿನ್ ಹನಿ ಸರಿಯಾಗಿ ಬೀಳತೊಡಗಿತು.

ಮೇಟ್ರನ್ ಹೊಗಳಲಿಲ್ಲ. ‘ಕೈಗಡಿಯಾರ ಇಲ್ಲಿ ನಡೆಯುವುದಿಲ್ಲ. ಮಣಿಕಟ್ಟು ಬರಿದಾಗಿರಬೇಕು, ಕೈ ತೊಳೆಯುವಾಗ ಅಡ್ಡ ಬರುತ್ತದೆ’ ಎಂದರು. ಆಮೇಲೆ, ‘ನಿನ್ನ ಅರ್ಜಿಯಲ್ಲಿ ಕನ್ನಡ ಬರುತ್ತದೆ ಎಂದು ಏಕೆ ಬರೆದಿಲ್ಲ?’ ಎಂದು ಕೇಳಿದರು. ಮರಾಠಿ, ಹಿಂದಿ, ಇಂಗ್ಲಿಷು ಎಂದು ಬರೆದಿದ್ದಳು. ಶಾಲೆಯಲ್ಲಿ ಓದದ, ಅಂಕಪಟ್ಟಿಯಲ್ಲಿ ಇಲ್ಲದ ಅಡುಗೆಮನೆಯ ಭಾಷೆಯನ್ನು ಬರೆಯಬೇಕೆಂದು ಅವಳಿಗೂ ಹೊಳೆದಿರಲಿಲ್ಲ, ಆ ಅರ್ಜಿಯನ್ನು ಮೂರು ಸಲ ಓದಿದ ನಮಗೂ ಹೊಳೆದಿರಲಿಲ್ಲ. ಸೋಲಾಪುರದ ಆಸ್ಪತ್ರೆಗಳಿಗೆ ವಿಜಯಪುರ, ಕಲಬುರಗಿ ಜಿಲ್ಲೆಗಳ ಜನ ದಿನಾ ಬರುತ್ತಾರೆಂದು ನಮಗೆ ಗೊತ್ತಿತ್ತು. ನಮ್ಮ ಗಿರಾಕಿಗಳಲ್ಲಿ ಎಷ್ಟೋ ಜನ ಅವರೇ.

ಸಂಬಳ ಹದಿನಾಲ್ಕೂವರೆ ಸಾವಿರ. ಸಮಿತಿ ಹೇಳಿದ ಮಟ್ಟಕ್ಕೆ ಎಷ್ಟೋ ಕಡಿಮೆ, ಅದನ್ನು ಮಗಳೇ ಮೆಲ್ಲಗೆ ಹೇಳಿ ನೋಡಿದಳು. ಆರು ತಿಂಗಳ ಮೇಲೆ ನೋಡೋಣ ಎಂದರು. ಅಸಲು ಕಾಗದ ನೋಡಿ, ನಕಲು ಇಟ್ಟುಕೊಂಡು, ಅಲ್ಲಿಯೇ ತಿರುಗಿ ಕೊಟ್ಟರು. ನೇಮಕದ ಪತ್ರ ಕೊಟ್ಟರು. ಸೇರಿದ ವಾರದಲ್ಲೇ ಕಾಮಾಲೆಯ, ಅಂದರೆ ಹೆಪಟೈಟಿಸ್ ಬಿ ಲಸಿಕೆಯ ಲೆಕ್ಕ ಕೇಳಿದರು. ಮೂರು ಚುಚ್ಚುಮದ್ದು: ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಆರನೆಯ ತಿಂಗಳಿಗೆ ಮೂರನೆಯದು. ಕಾಲೇಜಿನಲ್ಲಿಯೇ ಆಗಿತ್ತು. ರಕ್ತ ಮುಟ್ಟುವ ಕೆಲಸ ಎಂದು ಹೆದರುತ್ತಿದ್ದ ನಾವು ಈ ಲಸಿಕೆಯ ಬಗೆಗೆ ಒಮ್ಮೆಯೂ ಕೇಳಿರಲಿಲ್ಲ. ನಮ್ಮ ಹೆದರಿಕೆ ಮೈಲಿಗೆಯದಾಗಿತ್ತು, ರೋಗದ್ದಲ್ಲ.

ಇನ್ನು ಊಟದ ಮಾತು. ನಮ್ಮ ಓದುಗರು ಮೊದಲು ಕೇಳುವುದು ಇದನ್ನೇ ಎಂದು ಬಲ್ಲೆವು. ಮೂರು ಪಾಳಿ: ಬೆಳಿಗ್ಗೆ ಎಂಟರಿಂದ ಎರಡು, ಎರಡರಿಂದ ರಾತ್ರಿ ಎಂಟು, ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟು. ಬೆಳಗಿನ ಪಾಳಿಗೆ ತೊಂದರೆಯಿಲ್ಲ. ನಡುವಿನ ಪಾಳಿಯಲ್ಲಿ ಹೊತ್ತು ಮುಳುಗುವಾಗ ವಾರ್ಡಿನಲ್ಲಿಯೇ ಇರಬೇಕು. ಜ್ಯೇಷ್ಠದಲ್ಲಿ ಏಳರ ಸುಮಾರಿಗೆ ಮುಳುಗುವ ಹೊತ್ತು ಮಾರ್ಗಶಿರದಲ್ಲಿ ಆರಕ್ಕೂ ಮೊದಲೇ ಮುಳುಗುತ್ತದೆ. ಅವಳು ಮೊದಲ ವಾರವೇ ಜೊತೆಯ ಮುಸಲ್ಮಾನ ಹುಡುಗಿಯೊಡನೆ ಒಪ್ಪಂದ ಮಾಡಿಕೊಂಡಳು. ಸಂಜೆ ಹದಿನೈದು ನಿಮಿಷ ಆ ಹುಡುಗಿ ಇವಳ ರೋಗಿಗಳನ್ನು ನೋಡುತ್ತಾಳೆ, ಇವಳು ಡಬ್ಬಿ ಬಿಚ್ಚುತ್ತಾಳೆ. ರಮಜಾನಿನಲ್ಲಿ ಹೊತ್ತು ಮುಳುಗಿದ ಮೇಲೆ ಆ ಹುಡುಗಿ ಉಪವಾಸ ಬಿಡುವಾಗ ಇವಳು ನೋಡಬೇಕು. ಒಬ್ಬಳ ಊಟ ಹೊತ್ತು ಮುಳುಗುವ ಮೊದಲು, ಇನ್ನೊಬ್ಬಳದು ಮುಳುಗಿದ ಮೇಲೆ, ಆದ್ದರಿಂದ ಜಗಳಕ್ಕೆ ಆಸ್ಪದವೇ ಇಲ್ಲ ಎಂದು ನಗುತ್ತಾಳೆ.

ರಾತ್ರಿ ಪಾಳಿಯದೇ ಕಷ್ಟ. ಹಾಸ್ಟೆಲಿನಲ್ಲಿ ಸಂಜೆ ಊಟ ಮಾಡಿ ಹೋದವಳು ಮುಂದೆ ಹನ್ನೆರಡು ತಾಸು ಓಡಾಡಬೇಕು. ನೀರೂ ಕುಡಿಯುವುದಿಲ್ಲ ಎಂದು ಮೊದಲು ಹಟ ಹಿಡಿದಳು. ಮೂರನೆಯ ರಾತ್ರಿ ತಲೆ ತಿರುಗಿತು. ಆಯಿ ಫೋನಿನಲ್ಲಿ ಗದರಿದರು: ‘ನೀರು ಬಿಟ್ಟು ನಿಯಮ ಹಿಡಿಯೋರೂ ಅದಾರ, ನೀರು ಇಟ್ಕೊಂಡು ಹಿಡಿಯೋರೂ ಅದಾರ. ಸೂಜಿ ಹಿಡಿಯೋ ಕೈ ನಡುಗಬಾರದು.’ ಈಗ ನೀರು ಕುಡಿಯುತ್ತಾಳೆ. ಅನ್ನ ಮುಟ್ಟುವುದಿಲ್ಲ. ಇದನ್ನು ದೊಡ್ಡಸ್ತಿಕೆಗೆ ಬರೆಯುತ್ತಿಲ್ಲ. ನಾಳೆ ಅವಳು ಮೈಯಿಂದ ಆಗದು ಎಂದರೆ ಆಗ ಏನು ಹೇಳಬೇಕೆಂದು ನಾವು ಇನ್ನೂ ನಿರ್ಧರಿಸಿಲ್ಲ.

ನಮ್ಮ ದೂರದ ಕಾಕಾ ಒಬ್ಬರು, ‘ರಾತ್ರಿ ಹೊರಗ ದುಡಿಯೋ ಹುಡುಗಿ’ ಎಂದು ಎಲ್ಲರಿಗಿಂತ ಗಟ್ಟಿಯಾಗಿ ಆಡಿದವರು. ದೀಪಾವಳಿ ಮುಗಿದ ವಾರ ರಾತ್ರಿ ಹನ್ನೊಂದಕ್ಕೆ ಅವರ ಫೋನ್ ಬಂತು. ಕಾಕುಗೆ ಉಸಿರು ಸಿಕ್ಕುತ್ತಿಲ್ಲ. ಅಂದು ಮಗಳು ರಜೆಗೆ ಮನೆಗೆ ಬಂದಿದ್ದಳು. ನಿದ್ದೆಗಣ್ಣಲ್ಲಿ ಫೋನ್ ತೆಗೆದುಕೊಂಡು, ‘ಮಲಗಿಸಬ್ಯಾಡ್ರಿ, ದಿಂಬು ಕೊಟ್ಟು ನೆಟ್ಟಗ ಕೂಡಿಸ್ರಿ, ಕಿಟಕಿ ತೆಗೀರಿ, ಗಾಡಿ ತರ್ಸ್ರಿ, ತಡಾ ಮಾಡಬ್ಯಾಡ್ರಿ’ ಎಂದಳು. ತಾನೂ ಗಾಡಿಯಲ್ಲಿ ಕುಳಿತು ಹೋದಳು. ಕಾಕು ಈಗ ಆರಾಮ ಇದ್ದಾರೆ. ಕಾಕಾ ಅವಳ ನೌಕರಿಯ ಬಗೆಗೆ ಇನ್ನೂ ಏನೂ ಹೇಳಿಲ್ಲ. ಆದರೆ ಎರಡು ಸಲ ಅಂಗಡಿಗೆ ಬಂದು, ಸಕ್ಕರೆ ಕಟ್ಟಿಸಿಕೊಳ್ಳುತ್ತ, ‘ಹುಡುಗಿಗಿ ಈ ವಾರ ಯಾವ ಪಾಳಿ?’ ಎಂದು ಕೇಳಿ ಹೋಗಿದ್ದಾರೆ.

ಮೊದಲ ತಿಂಗಳ ಸಂಬಳ ಬಂದ ದಿನ ಅಂಗಡಿಯವರು ಖಾತೆ ಪುಸ್ತಕದಲ್ಲಿ ಹೊಸ ಪುಟ ತೆಗೆದು, ಮೇಲೆ ಶ್ರೀ ಬರೆದು, ಮಗಳ ಹೆಸರು ಹಾಕಿದರು. ಮನೆಯ ಖರ್ಚಿಗೆ ಅದರಿಂದ ಒಂದು ಪೈಸೆ ಮುಟ್ಟಬಾರದೆಂದು ಇಬ್ಬರೂ ಮಾತಾಡಿಕೊಂಡೆವು. ಆದರೂ ಒಂದು ಖರ್ಚು ಅದೇ ದಿನ ಬಿತ್ತು, ಅದೂ ನಮ್ಮಿಂದಲೇ. ಅಜ್ಜನ ಗಡಿಯಾರಕ್ಕೆ ಅವಳ ಕೈಗೆ ಹೊಂದುವ ಹೊಸ ಪಟ್ಟಿ, 120 ರೂಪಾಯಿ. ಕೈಗಡಿಯಾರ ನಡೆಯುವುದಿಲ್ಲವೆಂದು ಮೇಟ್ರನ್ ಹೇಳಿದ್ದು ನಮಗೆ ಮರೆತೇ ಹೋಗಿತ್ತು. ಅವಳು ಹಳೆಯ ಪಟ್ಟಿಯನ್ನು ಆಗಲೇ ಕಳಚಿ, ಗಡಿಯಾರವನ್ನು ಪಿನ್ನಿನಿಂದ ಎದೆಯ ಮೇಲೆ ತಲೆಕೆಳಗಾಗಿ ಸಿಕ್ಕಿಸಿಕೊಂಡಿದ್ದಳು, ಬಗ್ಗಿ ನೋಡಿದರೆ ಮುಳ್ಳು ನೆಟ್ಟಗೆ ಕಾಣುವಂತೆ. ಹೊಸ ಪಟ್ಟಿ ಅಂಗಡಿಯ ಗಲ್ಲೆಯಲ್ಲಿ ಹಾಗೆಯೇ ಇದೆ.